ವಿದ್ಯುಚ್ಛಕ್ತಿಯ ಸಾಮರ್ಥ್ಯವೆಚ್ಚ: ಯಾರ ಪಾಲು ಎಷ್ಟು?

ಪ್ರತಿ ತಿಂಗಳೂ ಮನೆಗೆ ಬರುವ ವಿದ್ಯುತ್ ಬಿಲ್ಲನ್ನು ನಾವೆಲ್ಲರೂ ನೋಡುತ್ತೇವೆ. ಆದರೆ ಕೊನೆಯ ಮೊತ್ತವೊಂದನ್ನು ಬಿಟ್ಟು ಮಿಕ್ಕ ಸಾಲುಗಳನ್ನು ಓದುವವರು ವಿರಳ. ಆ ಸಾಲುಗಳಲ್ಲಿ ಮುಖ್ಯವಾಗಿ ಎರಡು ಬಾಬುಗಳಿರುತ್ತವೆ. ಒಂದು, ಬಳಸಿದ ಯೂನಿಟ್ಟುಗಳಿಗೆ ತಕ್ಕ ಶುಲ್ಕ. ಇನ್ನೊಂದು, ನಿಗದಿತ ಶುಲ್ಕ. ಮನೆಗೆ ಬೀಗ ಹಾಕಿ ತಿಂಗಳಿಡೀ ಪರಸ್ಥಳದಲ್ಲಿದ್ದರೂ ಈ ಎರಡನೆಯದನ್ನು ತೆರಲೇಬೇಕು. ಒಂದು ದೀಪವನ್ನೂ ಹಚ್ಚದವನು ಯಾವುದಕ್ಕಾಗಿ ಹಣ ಕೊಡಬೇಕು? ಕೊಡುವುದಾದರೆ ಎಷ್ಟು ಕೊಡುವುದು ನ್ಯಾಯ? ಕಾರ್ಖಾನೆಯವನು, ಅಂಗಡಿಯವನು, ಹೊಲಕ್ಕೆ ನೀರೆತ್ತುವ ರೈತ, ಇವರಲ್ಲಿ ಒಬ್ಬೊಬ್ಬರ ಪಾಲು ಎಷ್ಟು?

ನೋಡುವುದಕ್ಕೆ ಇದು ಲೆಕ್ಕಪತ್ರದ ಪ್ರಶ್ನೆ. ಆದರೆ ಇದರ ಬೇರು ವಿದ್ಯುತ್ತಿನ ಭೌತಗುಣದಲ್ಲಿಯೇ ಇದೆ. ಅಲ್ಲಿಂದಲೇ ವಿಚಾರವನ್ನು ಪ್ರಾರಂಭಿಸೋಣ.

೧. ಯೂನಿಟ್ಟೂ ಕಿಲೋವಾಟೂ

ಯೂನಿಟ್ ಎಂದರೆ ಒಂದು ಕಿಲೋವಾಟ್-ಗಂಟೆ. ಅದು ಶಕ್ತಿಯ ಮೊತ್ತದ ಅಳತೆ. ಕಿಲೋವಾಟ್ ಎಂಬುದಾದರೋ ಶಕ್ತಿ ವ್ಯಯವಾಗುವ ವೇಗದ ಅಳತೆ. ಹತ್ತು ಕಿಲೋವಾಟಿನ ಮೋಟಾರು ಒಂದು ಗಂಟೆ ಓಡಿದರೆ ಹತ್ತು ಯೂನಿಟ್. ಒಂದು ಕಿಲೋವಾಟಿನ ಒಲೆ ಹತ್ತು ಗಂಟೆ ಉರಿದರೂ ಹತ್ತೇ ಯೂನಿಟ್. ಮೀಟರಿನ ದೃಷ್ಟಿಯಲ್ಲಿ ಇವೆರಡೂ ಸಮ. ಆದರೆ ವಿದ್ಯುದಾಗಾರದ ದೃಷ್ಟಿಯಲ್ಲಿ ಸಮವಲ್ಲ. ಮೊದಲನೆಯದಕ್ಕೆ ಹತ್ತು ಕಿಲೋವಾಟಿನ ಯಂತ್ರ ಸಿದ್ಧವಾಗಿರಬೇಕು. ಎರಡನೆಯದಕ್ಕೆ ಒಂದು ಕಿಲೋವಾಟಿನ ಯಂತ್ರ ಸಾಕು.

ಭತ್ತವನ್ನು ಕಣಜದಲ್ಲಿ ತುಂಬಿಡುವಂತೆ ವಿದ್ಯುತ್ತನ್ನು ಬೇಕಾದಷ್ಟು ಕೂಡಿಡುವುದು ಇಂದಿಗೂ ಸುಲಭವಲ್ಲ. ದೊಡ್ಡ ವಿದ್ಯುತ್ಕೋಶಗಳೂ, ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿ ಮತ್ತೆ ಇಳಿಸುವ ಸ್ಥಾವರಗಳೂ ಬಂದಿವೆ. ಆದರೆ ಅವೂ ವೆಚ್ಚದ ಸಾಧನಗಳೇ. ಆದಕಾರಣ, ಜನ ಯಾವ ಕ್ಷಣದಲ್ಲಿ ಎಷ್ಟು ಬೇಡುವರೋ ಆ ಕ್ಷಣದಲ್ಲಿಯೇ ಅಷ್ಟನ್ನು ಒದಗಿಸತಕ್ಕದ್ದು. ವರ್ಷದ ೮,೭೬೦ ಗಂಟೆಗಳಲ್ಲಿ ಯಾವುದೋ ಒಂದು ಗಂಟೆಯಲ್ಲಿ ಬೇಡಿಕೆ ಅತ್ಯಧಿಕವಾಗಿರುತ್ತದೆ. ಯಂತ್ರ, ತಂತಿ, ಪರಿವರ್ತಕಗಳ ಗಾತ್ರವನ್ನು ನಿರ್ಣಯಿಸುವುದು ಆ ಗರಿಷ್ಠ ಬೇಡಿಕೆಯೇ. ಯಾವುದಾದರೊಂದು ಯಂತ್ರ ಕೆಟ್ಟರೆ ತೊಂದರೆಯಾಗದಿರಲೆಂದು ಅದರ ಮೇಲೆ ಸ್ವಲ್ಪ ಮೀಸಲು ಸಾಮರ್ಥ್ಯವನ್ನೂ ಇಟ್ಟುಕೊಳ್ಳಬೇಕಾಗುತ್ತದೆ.

ದೇವಸ್ಥಾನದ ಪಾಕಶಾಲೆಯ ಕೊಪ್ಪರಿಗೆಯನ್ನು ನೆನೆದುಕೊಳ್ಳಿ. ನಿತ್ಯ ಐವತ್ತು ಜನರಿಗೆ ಅನ್ನವಾಗುತ್ತಿದ್ದರೂ ಕೊಪ್ಪರಿಗೆಯ ಗಾತ್ರ ರಥೋತ್ಸವದ ದಿನದ ಸಾವಿರ ಜನರಿಗೆ ತಕ್ಕಂತಿರಬೇಕು. ಅಕ್ಕಿಯ ಖರ್ಚು ಊಟ ಮಾಡಿದವರ ಸಂಖ್ಯೆಗೆ ತಕ್ಕಂತೆ ಬೆಳೆಯುತ್ತದೆ. ಕೊಪ್ಪರಿಗೆಯ ಖರ್ಚು ಹಾಗಲ್ಲ. ಕಲ್ಲಿದ್ದಲು ಅಕ್ಕಿಯಿದ್ದಂತೆ, ಟರ್ಬೈನು ಕೊಪ್ಪರಿಗೆಯಿದ್ದಂತೆ. ಯಂತ್ರ ಓಡಲಿ, ಸುಮ್ಮನಿರಲಿ, ಅದಕ್ಕೆ ಹಾಕಿದ ಬಂಡವಾಳದ ಬಡ್ಡಿ, ಸವಕಳಿ, ಕಾವಲಿನವರ ಸಂಬಳ ನಿಲ್ಲುವುದಿಲ್ಲ. ಸಿದ್ಧವಾಗಿರುವುದಕ್ಕೆ ತಗಲುವ ಈ ವೆಚ್ಚವನ್ನು ಸಾಮರ್ಥ್ಯವೆಚ್ಚವೆನ್ನುತ್ತಾರೆ. ಇದನ್ನು ಬಳಕೆದಾರರ ವರ್ಗಗಳೊಳಗೆ ಹಂಚುವುದೇ ನಮ್ಮ ಪ್ರಸ್ತುತ ವಿಷಯ.

೨. ಹಾಪ್‌ಕಿನ್ಸನ್ನರ ವಿಚಾರ

ಈ ಭೇದವನ್ನು ಸ್ಪಷ್ಟವಾಗಿ ವಿವರಿಸಿದವರಲ್ಲಿ ಮೊದಲಿಗರು ಇಂಗ್ಲೆಂಡಿನ ಜಾನ್ ಹಾಪ್‌ಕಿನ್ಸನ್. ಗಣಿತದಲ್ಲಿ ಪಾರಂಗತರಾಗಿ ಇಂಜಿನಿಯರಿಂಗಿಗೆ ಬಂದ ಇವರು ೧೮೯೨ರಲ್ಲಿ ಕಿರಿಯ ಇಂಜಿನಿಯರರ ಸಂಘವೊಂದರ ಅಧ್ಯಕ್ಷರಾಗಿ ವಿದ್ಯುತ್ ಪೂರೈಕೆಯ ವೆಚ್ಚವನ್ನು ಕುರಿತು ಉಪನ್ಯಾಸ ಮಾಡಿದರು. ಸಿದ್ಧವಾಗಿ ನಿಂತಿರುವುದಕ್ಕೆ ಒಂದು ವೆಚ್ಚ, ನಿಜವಾಗಿ ಪೂರೈಸುವುದಕ್ಕೆ ಇನ್ನೊಂದು ವೆಚ್ಚ. ಆದ್ದರಿಂದ ಬಳಕೆದಾರನು ತೆರುವ ದರದಲ್ಲಿಯೂ ಎರಡು ಭಾಗಗಳಿರುವುದು ಯುಕ್ತ ಎಂಬುದು ಅವರ ವಾದದ ಸಾರ. ನಮ್ಮ ಬಿಲ್ಲಿನ ಎರಡು ಸಾಲುಗಳ ಮೂಲ ಇಲ್ಲಿದೆ.

ಆಗ ವಿದ್ಯುತ್ತು ಬಹುಮಟ್ಟಿಗೆ ದೀಪಕ್ಕಾಗಿಯೇ ಇತ್ತು. ಸಂಜೆ ಕೆಲವು ಗಂಟೆ ಯಂತ್ರಗಳು ತುಂಬು ಹೊರೆ ಹೊತ್ತು, ಮಿಕ್ಕ ಹೊತ್ತೆಲ್ಲ ಹೆಚ್ಚುಕಡಿಮೆ ಬರಿದೇ ಇರುತ್ತಿದ್ದವು. ಬ್ರೈಟನ್ ನಗರದ ವಿದ್ಯುತ್ ಇಂಜಿನಿಯರ್ ಆರ್ಥರ್ ರೈಟ್ ಅವರು ಪ್ರತಿಯೊಬ್ಬ ಬಳಕೆದಾರನ ಗರಿಷ್ಠ ಬೇಡಿಕೆಯನ್ನು ತೋರಿಸುವ ಸರಳವಾದ ಉಪಕರಣವೊಂದನ್ನು ರಚಿಸಿದರು. ಬಾಗಿದ ಗಾಜಿನ ನಳಿಗೆಯಲ್ಲಿ ದ್ರವ. ಒಂದು ತುದಿಯ ಬುರುಡೆಗೆ ವಿದ್ಯುತ್ತು ಹರಿಯುವ ತಂತಿಯ ಸುತ್ತು. ವಿದ್ಯುತ್ತು ಹೆಚ್ಚಿದಷ್ಟೂ ಬುರುಡೆಯ ಗಾಳಿ ಕಾದು ಹಿಗ್ಗಿ ದ್ರವವನ್ನು ತಳ್ಳುತ್ತದೆ. ದ್ರವ ಪಕ್ಕದ ಅಳತೆಯ ನಳಿಗೆಗೆ ಚೆಲ್ಲಿ ಅಲ್ಲಿಯೇ ನಿಲ್ಲುತ್ತದೆ. ತಿಂಗಳ ಕೊನೆಗೆ ಅದನ್ನು ನೋಡಿದರೆ ಆ ಮನೆಯವರು ಒಮ್ಮೆಗೆ ಅತ್ಯಧಿಕವಾಗಿ ಎಷ್ಟು ಬಳಸಿದರೆಂಬುದು ತಿಳಿಯುತ್ತದೆ. ಕ್ಷಣಮಾತ್ರದ ಏರಿಕೆಗೆ ಗಾಳಿ ಕಾಯದು. ಆದ್ದರಿಂದ ಸ್ವಲ್ಪ ಹೊತ್ತು ನಿಂತ ಬೇಡಿಕೆ ಮಾತ್ರ ಲೆಕ್ಕಕ್ಕೆ ಬರುತ್ತಿತ್ತು. ಇಂದಿನ ಕಾರ್ಖಾನೆಯ ಮೀಟರು ಕಾಲುಗಂಟೆಯ ಅಥವಾ ಅರ್ಧಗಂಟೆಯ ಸರಾಸರಿಯನ್ನು ನೋಡುವುದೂ ಇದೇ ಉದ್ದೇಶದಿಂದ. ೧೮೯೪ರಲ್ಲಿ ಬ್ರೈಟನ್ನಿಗೆ ಹೋಗಿ ಈ ಪದ್ಧತಿಯನ್ನು ಕಂಡ ಷಿಕಾಗೋದ ಸ್ಯಾಮ್ಯುಯಲ್ ಇನ್ಸಲ್ ಅದನ್ನು ಅಮೆರಿಕಕ್ಕೆ ಕೊಂಡೊಯ್ದರು.

ಆದರೆ ಇಲ್ಲೊಂದು ತೊಡಕು ಉಳಿಯಿತು. ರೈಟ್ ಅವರ ಉಪಕರಣ ಗರಿಷ್ಠ ಬೇಡಿಕೆ ಎಷ್ಟೆಂಬುದನ್ನು ಹೇಳುತ್ತಿತ್ತೇ ಹೊರತು ಅದು ಯಾವ ಹೊತ್ತಿನಲ್ಲಿ ಬಂದಿತೆಂಬುದನ್ನು ಹೇಳುತ್ತಿರಲಿಲ್ಲ. ನಡುರಾತ್ರಿಯಲ್ಲಿ ಹತ್ತು ಕಿಲೋವಾಟ್ ಬೇಡಿದ ರೊಟ್ಟಿ ಅಂಗಡಿಯವನೂ ಸಂಜೆ ಏಳಕ್ಕೆ ಹತ್ತು ಕಿಲೋವಾಟ್ ಬೇಡಿದ ನಾಟಕಶಾಲೆಯವನೂ ಅದಕ್ಕೆ ಒಂದೇ. ವಿದ್ಯುದಾಗಾರಕ್ಕೆ ಅವರಿಬ್ಬರೂ ಒಂದೇ ಅಲ್ಲ. ಮುಂದಿನ ವಾದವಿವಾದಗಳೆಲ್ಲ ಹುಟ್ಟಿದ್ದು ಈ ಒಂದು ಅಂತರದಿಂದ.

೩. ಕೋಲಾರದ ಗಣಿ, ಬೆಂಗಳೂರಿನ ದೀಪ

ನಮ್ಮ ನಾಡಿನಲ್ಲಿಯೇ ಇದಕ್ಕೆ ಉತ್ತಮವಾದ ನಿದರ್ಶನವುಂಟು. ೧೯೦೨ರ ಜೂನ್ ೩೦ರಂದು ಕಾವೇರಿಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ತೊಂಬತ್ತೆರಡು ಮೈಲಿ, ಅಂದರೆ ಸುಮಾರು ೧೪೮ ಕಿಲೋಮೀಟರ್ ದೂರದ ತಂತಿಮಾರ್ಗ. ಆ ಕಾಲಕ್ಕೆ ಅದೊಂದು ಸಾಹಸ. ಗಣಿಯಲ್ಲಿ ನೀರೆತ್ತುವ ಪಂಪು, ಅದಿರನ್ನು ಕುಟ್ಟುವ ಯಂತ್ರ ಇವುಗಳಿಗೆ ಹಗಲು ರಾತ್ರಿಯೆಂಬ ಭೇದವಿಲ್ಲ. ಕೊಂಡ ಸಾಮರ್ಥ್ಯವೆಲ್ಲ ಸದಾ ಉಪಯೋಗದಲ್ಲಿರುತ್ತಿತ್ತು. ಮೂರು ವರ್ಷಗಳ ತರುವಾಯ, ೧೯೦೫ರ ಆಗಸ್ಟಿನಲ್ಲಿ, ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿತು. ದೀಪದ ಬೇಡಿಕೆ ಸೂರ್ಯಾಸ್ತದೊಡನೆ ಏರಿ, ಜನ ಮಲಗುವ ಹೊತ್ತಿಗೆ ಇಳಿಯತಕ್ಕದ್ದು.

ಒಂದೇ ಯಂತ್ರಾಗಾರ, ಎರಡು ಬಗೆಯ ಬಳಕೆದಾರರು. ಗಣಿಯ ಬೇಡಿಕೆ ಮಟ್ಟಸವಾದ ಬಯಲಿನಂತೆ. ನಗರದ ಬೇಡಿಕೆ ಗುಡ್ಡದಂತೆ. ಸರಾಸರಿ ಬೇಡಿಕೆಯನ್ನು ಗರಿಷ್ಠ ಬೇಡಿಕೆಯಿಂದ ಭಾಗಿಸಿದರೆ ಬರುವ ಪ್ರಮಾಣವನ್ನು ಇಂಜಿನಿಯರರು ಲೋಡ್ ಫ್ಯಾಕ್ಟರ್ ಎನ್ನುತ್ತಾರೆ; ನಾವು ಹೊರೆಯ ಪ್ರಮಾಣ ಎನ್ನಬಹುದು. ಗಣಿಯದು ಒಂದಕ್ಕೆ ಸಮೀಪ. ದೀಪದ್ದು ಬಹಳ ಕಡಿಮೆ. ಗಣಿಯ ಹೊರೆಯ ಮೇಲೆ ಸಂಜೆಯ ದೀಪದ ಹೊರೆ ಕೂಡಿ ಹೊಸ ಯಂತ್ರವೊಂದು ಬೇಕಾಯಿತೆಂದು ಭಾವಿಸೋಣ. ಅದರ ವೆಚ್ಚ ಯಾರದು? ಕೊನೆಗೆ ಬಂದ ದೀಪದ್ದೆ? ಅಥವಾ ಸಂಜೆಯಲ್ಲಿ ಗಣಿಯೂ ಯಂತ್ರವನ್ನು ಬಳಸುತ್ತಿರುವುದರಿಂದ ಇಬ್ಬರದೂ ಹೌದೆ? ಮೊದಲು ಬಂದವನಿಗೆ ಹಳೆಯ ಯಂತ್ರ, ಆಮೇಲೆ ಬಂದವನಿಗೆ ಹೊಸದು ಎಂದು ವಿಂಗಡಿಸುವುದು ಸಾಧ್ಯವಿಲ್ಲ. ತಂತಿಯಲ್ಲಿ ಹರಿಯುವ ವಿದ್ಯುತ್ತಿಗೆ ಯಜಮಾನನ ಹೆಸರಿರುವುದಿಲ್ಲವಷ್ಟೆ.

೪. ಒಂದು ಕಲ್ಪಿತ ಊರಿನ ಲೆಕ್ಕ

ವಿಷಯ ತಿಳಿಯಾಗುವಂತೆ ಒಂದು ಸಣ್ಣ ಊರನ್ನು ಕಲ್ಪಿಸಿಕೊಳ್ಳೋಣ. ಅಲ್ಲಿ ಮೂರು ವರ್ಗದ ಬಳಕೆದಾರರು: ಮನೆಗಳು, ಒಂದು ಗಿರಣಿ, ನೀರಾವರಿ ಪಂಪುಗಳು. ದಿನವನ್ನು ಆರಾರು ಗಂಟೆಗಳ ನಾಲ್ಕು ಜಾವಗಳಾಗಿ ಭಾಗಿಸೋಣ: ನಡುರಾತ್ರಿಯಿಂದ ಬೆಳಗಿನ ೬ರವರೆಗೆ ರಾತ್ರಿ, ಅಲ್ಲಿಂದ ೧೨ರವರೆಗೆ ಬೆಳಗ್ಗೆ, ಅಲ್ಲಿಂದ ಸಂಜೆ ೬ರವರೆಗೆ ಮಧ್ಯಾಹ್ನ, ಅಲ್ಲಿಂದ ಮುಂದೆ ಸಂಜೆ. ಬೇಡಿಕೆ ಕಿಲೋವಾಟಿನಲ್ಲಿ ಹೀಗಿದೆಯೆನ್ನಿ:

ಮನೆಗಳು: ರಾತ್ರಿ ೧೦೦, ಬೆಳಗ್ಗೆ ೩೦೦, ಮಧ್ಯಾಹ್ನ ೨೦೦, ಸಂಜೆ ೬೦೦.
ಗಿರಣಿ: ನಾಲ್ಕು ಜಾವಗಳಲ್ಲಿಯೂ ೩೦೦.
ಪಂಪುಗಳು: ರಾತ್ರಿ ೩೦೦, ಬೆಳಗ್ಗೆ ಇಲ್ಲ, ಮಧ್ಯಾಹ್ನ ೩೦೦, ಸಂಜೆ ಇಲ್ಲ.
ಒಟ್ಟು: ರಾತ್ರಿ ೭೦೦, ಬೆಳಗ್ಗೆ ೬೦೦, ಮಧ್ಯಾಹ್ನ ೮೦೦, ಸಂಜೆ ೯೦೦.

ಊರಿನ ಗರಿಷ್ಠ ಬೇಡಿಕೆ ಸಂಜೆಯ ೯೦೦ ಕಿಲೋವಾಟ್. ದಿನದ ಸರಾಸರಿ ೭೫೦. ಅದರಲ್ಲಿ ಮನೆಗಳದು ೩೦೦, ಗಿರಣಿಯದು ೩೦೦, ಪಂಪುಗಳದು ೧೫೦. ಪ್ರತಿ ವರ್ಗದ ಸ್ವಂತ ಗರಿಷ್ಠ ಬೇಡಿಕೆಗಳನ್ನು ಕೂಡಿದರೆ ೬೦೦, ೩೦೦, ೩೦೦ ಸೇರಿ ೧,೨೦೦ ಆಗುತ್ತದೆ. ಆದರೆ ಎಲ್ಲರ ಶಿಖರಗಳೂ ಒಂದೇ ಹೊತ್ತಿಗೆ ಬಾರದ ಕಾರಣ ೯೦೦ ಕಿಲೋವಾಟಿನ ಯಂತ್ರ ಸಾಕಾಯಿತು. ಹೊಂದಿಕೊಂಡು ಬಾಳುವುದರಿಂದ ೩೦೦ ಕಿಲೋವಾಟಿನ ಯಂತ್ರ ಉಳಿಯಿತೆಂದಾಯಿತು. ಲೆಕ್ಕದ ಸೌಕರ್ಯಕ್ಕಾಗಿ ಈ ಯಂತ್ರಾಗಾರದ ವಾರ್ಷಿಕ ಸಾಮರ್ಥ್ಯವೆಚ್ಚವನ್ನು ೯೦,೦೦೦ ರೂಪಾಯಿ ಎಂದಿಟ್ಟುಕೊಳ್ಳೋಣ. ಇದನ್ನು ಹಂಚಲು ಪ್ರಚಲಿತವಾದ ನಾಲ್ಕು ವಿಧಾನಗಳನ್ನು ಪರೀಕ್ಷಿಸೋಣ.

ಮೊದಲನೆಯದು ಏಕಕಾಲಿಕ ಶಿಖರದ ವಿಧಾನ. ಊರಿನ ಬೇಡಿಕೆ ಗರಿಷ್ಠವಾದ ಹೊತ್ತಿನಲ್ಲಿ ಯಾರು ಎಷ್ಟು ಬೇಡಿದರೋ ಅದೇ ಅವರ ಪಾಲು. ಸಂಜೆ ಮನೆಗಳು ೬೦೦, ಗಿರಣಿ ೩೦೦, ಪಂಪು ಶೂನ್ಯ. ಆದ್ದರಿಂದ ಮನೆಗಳಿಗೆ ೬೦,೦೦೦, ಗಿರಣಿಗೆ ೩೦,೦೦೦. ಪಂಪುಗಳಿಗೆ ಏನೂ ಇಲ್ಲ. ದೊಡ್ಡ ಯಂತ್ರ ಬೇಕಾದದ್ದು ಸಂಜೆಯ ಹೊರೆಯಿಂದ. ಆ ಹೊರೆಗೆ ಕಾರಣರಾಗದವರನ್ನು ದಂಡಿಸಬಾರದು ಎಂಬುದು ಇದರ ತರ್ಕ.

ಎರಡನೆಯದು ಸ್ವಂತ ಶಿಖರದ ವಿಧಾನ. ಯಾವ ಹೊತ್ತಿನಲ್ಲಾದರೂ ಬರಲಿ, ಪ್ರತಿ ವರ್ಗದ ಸ್ವಂತ ಗರಿಷ್ಠ ಬೇಡಿಕೆಯ ಪ್ರಮಾಣದಲ್ಲಿ ಹಂಚುವುದು. ಮನೆಗಳಿಗೆ ೪೫,೦೦೦, ಗಿರಣಿಗೆ ೨೨,೫೦೦, ಪಂಪುಗಳಿಗೂ ೨೨,೫೦೦. ಇಲ್ಲಿ ಯಾರೂ ಪೂರ್ಣವಾಗಿ ತಪ್ಪಿಸಿಕೊಳ್ಳಲಾರರು. ಆದರೆ ಹೊತ್ತು ನೋಡಿ ಬಳಸಿದ ಪಂಪಿಗೆ ಅದರಿಂದ ಯಾವ ಪ್ರಯೋಜನವೂ ಆಗಲಿಲ್ಲ.

ಮೂರನೆಯದು ಯೂನಿಟ್ಟುಗಳ ವಿಧಾನ. ಬಳಸಿದ ಶಕ್ತಿಯ ಮೊತ್ತದ ಪ್ರಮಾಣದಲ್ಲಿ ಹಂಚುವುದು. ಮನೆಗಳಿಗೆ ೩೬,೦೦೦, ಗಿರಣಿಗೆ ೩೬,೦೦೦, ಪಂಪುಗಳಿಗೆ ೧೮,೦೦೦. ಯಂತ್ರದಿಂದ ಹೆಚ್ಚು ಪ್ರಯೋಜನ ಪಡೆದವನು ಹೆಚ್ಚು ತೆರಲಿ ಎಂಬುದು ಇದರ ತರ್ಕ. ಗಿರಣಿಯ ಒಡೆಯ ಇದನ್ನೊಪ್ಪಲಾರ. ‘ನನ್ನ ಬೇಡಿಕೆ ಮನೆಗಳ ಶಿಖರದ ಅರ್ಧ ಮಾತ್ರವಾಗಿದ್ದರೂ ಇಬ್ಬರಿಗೂ ಒಂದೇ ಪಾಲೆ?’ ಎಂದು ಅವನು ಕೇಳಬಹುದು; ಅವನ ಬೇಡಿಕೆ ಅವರ ಗರಿಷ್ಠದ ಸರಿಯಾಗಿ ಅರ್ಧ.

ನಾಲ್ಕನೆಯದು ಸರಾಸರಿ ಮತ್ತು ಹೆಚ್ಚುವರಿಯ ವಿಧಾನ, ಇದೊಂದು ಸಂಧಾನ. ಎಲ್ಲರೂ ಸದಾಕಾಲ ಸಮನಾಗಿ ಬಳಸಿದ್ದರೆ ೭೫೦ ಕಿಲೋವಾಟಿನ ಯಂತ್ರ ಸಾಕಾಗುತ್ತಿತ್ತು. ಆ ಭಾಗದ ೭೫,೦೦೦ ರೂಪಾಯಿಗಳನ್ನು ಯೂನಿಟ್ಟುಗಳ ಪ್ರಮಾಣದಲ್ಲಿ ಹಂಚಿದರೆ ಕ್ರಮವಾಗಿ ೩೦,೦೦೦, ೩೦,೦೦೦, ೧೫,೦೦೦. ಮಿಕ್ಕ ೧೫,೦೦೦ ಏರಿಳಿತದ ಫಲ. ಅದನ್ನು ಪ್ರತಿ ವರ್ಗದ ಶಿಖರ ಅದರ ಸರಾಸರಿಗಿಂತ ಎಷ್ಟು ಮೇಲಿದೆಯೋ ಆ ಪ್ರಮಾಣದಲ್ಲಿ ಹಂಚಬೇಕು. ಮನೆಗಳದು ೩೦೦ ಮೇಲೆ, ಪಂಪುಗಳದು ೧೫೦ ಮೇಲೆ, ಗಿರಣಿಗೆ ಏರಿಳಿತವೇ ಇಲ್ಲ. ಹೀಗೆ ಮನೆಗಳಿಗೆ ಒಟ್ಟು ೪೦,೦೦೦, ಗಿರಣಿಗೆ ೩೦,೦೦೦, ಪಂಪುಗಳಿಗೆ ೨೦,೦೦೦.

ವಾಚಕರು ಇಲ್ಲಿ ಒಂದು ಕ್ಷಣ ನಿಂತು ಈ ಅಂಕಿಗಳನ್ನು ಹೋಲಿಸಿ ನೋಡಬೇಕು. ಯಂತ್ರ ಅದೇ, ಬಳಕೆ ಅದೇ, ವೆಚ್ಚ ಅದೇ. ಆದರೂ ಪಂಪುಗಳ ಪಾಲು ಸೊನ್ನೆಯಿಂದ ೨೨,೫೦೦ರವರೆಗೆ, ಮನೆಗಳ ಪಾಲು ೩೬,೦೦೦ದಿಂದ ೬೦,೦೦೦ದವರೆಗೆ ಓಲಾಡುತ್ತದೆ. ಕೂಡುವುದು ಕಳೆಯುವುದರಲ್ಲಿ ಎಲ್ಲಿಯೂ ತಪ್ಪಿಲ್ಲ. ಭೇದವಿರುವುದು ‘ಈ ವೆಚ್ಚಕ್ಕೆ ಕಾರಣರು ಯಾರು?’ ಎಂಬ ಪ್ರಶ್ನೆಗೆ ಕೊಟ್ಟ ಉತ್ತರದಲ್ಲಿ.

೫. ಶಿಖರ ಜಾರಿದಾಗ

ಇವುಗಳಲ್ಲಿ ಮೊದಲನೆಯ ವಿಧಾನವೇ ತರ್ಕಶುದ್ಧವೆಂದು ಅನೇಕರಿಗೆ ತೋರುತ್ತದೆ. ಆದರೆ ಅದಕ್ಕೊಂದು ವಿಚಿತ್ರ ದೌರ್ಬಲ್ಯವುಂಟು. ನಮ್ಮ ಊರಿನ ಮನೆಗಳವರು ಹಳೆಯ ಬಲ್ಬುಗಳನ್ನು ತೆಗೆದು ಎಲ್.ಇ.ಡಿ. ದೀಪ ಹಾಕಿದರೆಂದೂ, ಸಂಜೆಯ ಬೇಡಿಕೆ ೬೦೦ರಿಂದ ೪೫೦ಕ್ಕೆ ಇಳಿಯಿತೆಂದೂ ಭಾವಿಸಿ. ಸಂಜೆಯ ಒಟ್ಟು ೭೫೦ ಆಯಿತು. ಈಗ ಗರಿಷ್ಠ ಬೇಡಿಕೆ ಮಧ್ಯಾಹ್ನದ ೮೦೦. ಆ ಹೊತ್ತಿನಲ್ಲಿ ಮನೆಗಳು ೨೦೦, ಗಿರಣಿ ೩೦೦, ಪಂಪುಗಳು ೩೦೦. ಯಂತ್ರದ ಸಾಲ ತೀರಿಲ್ಲವಾದ್ದರಿಂದ ಹಂಚಬೇಕಾದ ವೆಚ್ಚ ಅದೇ ೯೦,೦೦೦. ಮನೆಗಳ ಪಾಲು ೬೦,೦೦೦ದಿಂದ ಥಟ್ಟನೆ ೨೨,೫೦೦ಕ್ಕೆ ಇಳಿಯಿತು. ನಿನ್ನೆಯವರೆಗೆ ಏನನ್ನೂ ತೆರದಿದ್ದ ಪಂಪುಗಳ ಪಾಲು ೩೩,೭೫೦ ಆಯಿತು. ಪಂಪಿನವನು ತನ್ನ ಬಳಕೆಯಲ್ಲಿ ಒಂದು ನಿಮಿಷವನ್ನೂ ಬದಲಿಸಿಲ್ಲ!

ಕಥೆ ಇಲ್ಲಿಗೂ ಮುಗಿಯುವುದಿಲ್ಲ. ಊರಿನ ಪಕ್ಕದಲ್ಲಿ ಸೌರಫಲಕಗಳನ್ನು ಹಾಕಿ ಮಧ್ಯಾಹ್ನ ೨೦೦ ಕಿಲೋವಾಟ್ ಬರುವಂತೆ ಮಾಡಿದರೆನ್ನಿ. ಮಧ್ಯಾಹ್ನದಲ್ಲಿ ಹಳೆಯ ಯಂತ್ರಗಳು ಹೊರಬೇಕಾದದ್ದು ೬೦೦ ಮಾತ್ರ. ಶಿಖರ ಪುನಃ ಸಂಜೆಗೆ ಮರಳಿತು. ಹಳೆಯ ಯಂತ್ರಗಳ ಮಟ್ಟಿಗೆ ಪಂಪುಗಳ ಪಾಲು ಮತ್ತೆ ಸೊನ್ನೆ. ಇದು ಬರಿಯ ಕಲ್ಪನೆಯಲ್ಲ. ಪಾವಗಡದ ಸೌರವನವೊಂದೇ ೨,೦೫೦ ಮೆಗಾವಾಟ್ ಸಾಮರ್ಥ್ಯದ್ದು. ಬಿಸಿಲಿರುವಾಗ ವಿದ್ಯುತ್ತು ಹೇರಳ. ಹೊತ್ತು ಮುಳುಗಿದೊಡನೆ ಆ ಭಾರವನ್ನೆಲ್ಲ ಜಲಾಶಯಗಳೂ ಕಲ್ಲಿದ್ದಲೂ ಹೊರಬೇಕು. ಆದಕಾರಣ ಈಗ ಗಮನಿಸತಕ್ಕದ್ದು ಒಟ್ಟು ಬೇಡಿಕೆಯನ್ನಲ್ಲ, ಬಿಸಿಲು ಗಾಳಿಗಳ ಕೊಡುಗೆಯನ್ನು ಕಳೆದು ಉಳಿದ ಬೇಡಿಕೆಯನ್ನು.

ಒಂದೇ ಗಂಟೆಯನ್ನು ನೆಚ್ಚಿದರೆ ಹೀಗೆ ಓಲಾಟವಾಗುವುದರಿಂದ, ವರ್ಷದ ಹನ್ನೆರಡು ತಿಂಗಳ ಶಿಖರಗಳ ಸರಾಸರಿಯನ್ನು ತೆಗೆದುಕೊಳ್ಳುವ ವಾಡಿಕೆ ಅಮೆರಿಕದಲ್ಲಿ ಬೆಳೆದಿದೆ. ವಿದ್ಯುತ್ತು ಸಾಲದೆ ಹೋಗುವ ಸಂಭವ ಯಾವ ಯಾವ ಗಂಟೆಗಳಲ್ಲಿ ಎಷ್ಟೆಷ್ಟು ಎಂದು ಗಣಿಸಿ, ಆ ಸಂಭವದ ಪ್ರಮಾಣದಲ್ಲಿ ವೆಚ್ಚವನ್ನು ಗಂಟೆಗಳ ಮೇಲೆ ಹರಡುವುದು ಇನ್ನೂ ಸೂಕ್ಷ್ಮವಾದ ಮಾರ್ಗ.

೬. ಎಲ್ಲ ಬಂಡವಾಳವೂ ಶಿಖರಕ್ಕಾಗಿ ಅಲ್ಲ

ಇನ್ನೊಂದು ವಿಷಯವನ್ನು ಇಲ್ಲಿ ಗಮನಿಸಬೇಕು. ಕೇವಲ ಶಿಖರವನ್ನು ಎದುರಿಸುವುದೇ ಉದ್ದೇಶವಾಗಿದ್ದರೆ ಕಡಮೆ ಬೆಲೆಯ ಅನಿಲ ಟರ್ಬೈನೊಂದನ್ನು ಕೊಂಡರೆ ಸಾಕಾಗಿತ್ತು. ಅದರ ಇಂಧನ ದುಬಾರಿಯಾದರೂ ವರ್ಷಕ್ಕೆ ಕೆಲವೇ ಗಂಟೆ ಓಡುವ ಯಂತ್ರಕ್ಕೆ ಅದು ದೊಡ್ಡ ಮಾತಲ್ಲ. ಹಾಗಿದ್ದೂ ದುಬಾರಿಯಾದ ಕಲ್ಲಿದ್ದಲಿನ ಅಥವಾ ಪರಮಾಣುವಿನ ಸ್ಥಾವರವನ್ನು ಕಟ್ಟುವುದೇಕೆ? ವರ್ಷವಿಡೀ ಓಡಿಸುವಾಗ ಇಂಧನದಲ್ಲಿ ಉಳಿತಾಯವಾಗಲೆಂದು. ಅಂದಮೇಲೆ ಆ ಹೆಚ್ಚಿನ ಬಂಡವಾಳಕ್ಕೆ ಕಾರಣ ಶಿಖರವಲ್ಲ, ವರ್ಷವಿಡೀ ಬಳಸುವ ಯೂನಿಟ್ಟುಗಳು. ಅದನ್ನು ಯೂನಿಟ್ಟುಗಳ ಮೇಲೆಯೇ ಹಾಕುವುದು ಯುಕ್ತ.

ಜಲವಿದ್ಯುತ್ತಿನಲ್ಲಿ ಈ ವಿಭಾಗ ಕಣ್ಣಿಗೇ ಕಾಣುತ್ತದೆ. ಶರಾವತಿ ಯೋಜನೆಯನ್ನು ನೋಡಿ. ಲಿಂಗನಮಕ್ಕಿಯ ಅಣೆಕಟ್ಟು ಮಳೆಗಾಲದ ನೀರನ್ನು ಬೇಸಗೆಯವರೆಗೆ ಕಾಪಾಡುತ್ತದೆ. ಅದರಿಂದ ದೊರೆಯುವುದು ಯೂನಿಟ್ಟುಗಳು. ಬೆಟ್ಟದಿಂದಿಳಿಯುವ ಕೊಳವೆಗಳೂ, ಕೆಳಗಿನ ಯಂತ್ರಾಗಾರದ ಹತ್ತು ಟರ್ಬೈನುಗಳೂ ಸೇರಿ ಒಮ್ಮೆಗೆ ೧,೦೩೫ ಮೆಗಾವಾಟ್ ಕೊಡಬಲ್ಲವು. ಅವುಗಳಿಂದ ದೊರೆಯುವುದು ಕಿಲೋವಾಟುಗಳು. ಜಲಾಶಯ ಅಷ್ಟೇ ಇದ್ದು ಇನ್ನೊಂದು ಟರ್ಬೈನನ್ನು ಸೇರಿಸಿದರೆ ವರ್ಷದ ಯೂನಿಟ್ಟುಗಳು ಅಷ್ಟಾಗಿ ಹೆಚ್ಚುವುದಿಲ್ಲ. ಸಂಜೆಯ ಶಿಖರವನ್ನು ಹೊರುವ ಬಲ ಮಾತ್ರ ಹೆಚ್ಚುತ್ತದೆ. ಅಣೆಕಟ್ಟಿನ ಸಾಲವನ್ನೂ ಟರ್ಬೈನಿನ ಸಾಲವನ್ನೂ ಒಂದೇ ಅಳತೆಗೋಲಿನಿಂದ ಹಂಚುವುದು ಸರಿಯಲ್ಲವೆಂಬುದು ಇದರಿಂದ ತಿಳಿಯುತ್ತದೆ.

ತಂತಿಗಳ ವಿಷಯದಲ್ಲಿಯೂ ಇದೇ ವಿವೇಚನೆ ಬೇಕು. ಬಳಕೆದಾರನಿಗೆ ಹತ್ತಿರವಾದಷ್ಟೂ ಹೊಂದಿಕೊಂಡು ಬಾಳುವ ಲಾಭ ಕಡಮೆಯಾಗುತ್ತದೆ. ಮನೆಯ ಮುಂದಿನ ಕಂಬದಿಂದ ಮೀಟರಿಗೆ ಬರುವ ತಂತಿಯ ಗಾತ್ರ ಆ ಮನೆಯ ಸ್ವಂತ ಗರಿಷ್ಠ ಬೇಡಿಕೆಗೆ ತಕ್ಕದ್ದು. ಬೀದಿಯ ಪರಿವರ್ತಕ ಆ ಬೀದಿಯ ಶಿಖರಕ್ಕೆ ತಕ್ಕದ್ದು; ಬಡಾವಣೆಯಲ್ಲಿ ಅದು ಸಂಜೆ, ತೋಟಗಳ ನಡುವೆ ಅದು ಪಂಪು ಓಡುವ ಹೊತ್ತು. ರಾಜ್ಯದ ದೊಡ್ಡ ತಂತಿಮಾರ್ಗವಾದರೋ ಎಲ್ಲರ ಕೂಡುಶಿಖರಕ್ಕೆ ತಕ್ಕದ್ದು. ಮೇಲಾಗಿ, ೬೬ ಸಾವಿರ ವೋಲ್ಟಿನಲ್ಲಿ ನೇರವಾಗಿ ವಿದ್ಯುತ್ತು ಪಡೆಯುವ ಕಾರ್ಖಾನೆ ಬೀದಿಯ ಪರಿವರ್ತಕವನ್ನು ಮುಟ್ಟುವುದೇ ಇಲ್ಲ. ಅದರ ವೆಚ್ಚದಲ್ಲಿ ಕಾರ್ಖಾನೆಗೆ ಪಾಲೂ ಇರಬಾರದು. ಹೀಗೆ ಉತ್ಪಾದನೆಗೆ ಕೂಡುಶಿಖರ, ಬೀದಿಯ ಜಾಲಕ್ಕೆ ವರ್ಗದ ಶಿಖರ, ಮನೆಯ ತಂತಿಗೆ ಸ್ವಂತ ಶಿಖರ ಎಂದು ಹಂತಹಂತವಾಗಿ ಅಳತೆಗೋಲನ್ನು ಬದಲಿಸುವುದು ವಿಚಾರವಂತರ ಕ್ರಮ.

೭. ರೈತನ ಪಂಪು

ಕರ್ನಾಟಕದಲ್ಲಿ ಈ ಲೆಕ್ಕ ಅತ್ಯಂತ ತೀಕ್ಷ್ಣವಾಗುವುದು ನೀರಾವರಿ ಪಂಪಿನ ವಿಷಯದಲ್ಲಿ. ಹತ್ತು ಅಶ್ವಶಕ್ತಿಯವರೆಗಿನ ಪಂಪುಗಳಿಗೆ ರೈತನು ಹಣ ತೆರುವುದಿಲ್ಲ. ಆಯೋಗ ನಿರ್ಧರಿಸಿದ ದರದಂತೆ ಸರ್ಕಾರ ಸಹಾಯಧನವನ್ನು ಕೊಡುತ್ತದೆ. ಆ ದರದಲ್ಲಿ ಸಾಮರ್ಥ್ಯವೆಚ್ಚದ ಎಷ್ಟು ಪಾಲು ಪಂಪಿನದೆಂದು ಎಣಿಸುತ್ತಾರೆಂಬುದರ ಮೇಲೆ ಬೊಕ್ಕಸದಿಂದ ಹೋಗುವ ಹಣದ ಮೊತ್ತ ನಿಂತಿದೆ. ನಮ್ಮ ಕಲ್ಪಿತ ಊರಿನಲ್ಲಿ ಅದು ಸೊನ್ನೆಯೂ ಆಗಬಹುದಿತ್ತು, ೩೩,೭೫೦ವೂ ಆಗಬಹುದಿತ್ತು.

ಪಂಪಿನ ಪರವಾದ ವಾದ ಹೀಗಿದೆ. ಮನೆಗೂ ಕಾರ್ಖಾನೆಗೂ ಬೇಕೆಂದಾಗ ವಿದ್ಯುತ್ತು ದೊರೆಯುತ್ತದೆ. ಪಂಪಿಗೆ ಮೂರು ಫೇಸಿನ ವಿದ್ಯುತ್ತನ್ನು ದಿನಕ್ಕೆ ಕೆಲವು ಗಂಟೆ ಮಾತ್ರ, ಕಂಪನಿ ಗೊತ್ತುಮಾಡಿದ ಹೊತ್ತಿನಲ್ಲಿ ಕೊಡುತ್ತಾರೆ. ‘ಈಗ ಬೇಡ, ಆಮೇಲೆ ಬಾ’ ಎನ್ನಿಸಿಕೊಳ್ಳುವವನಿಗಾಗಿ ಯಾರೂ ಹೊಸ ಯಂತ್ರವನ್ನು ಹಾಕುವುದಿಲ್ಲ. ಮೇಲಾಗಿ, ರಾತ್ರಿಯ ಪಾಳಿಯಲ್ಲಿ ನೀರು ಹಾಯಿಸುವ ರೈತ ನಿದ್ದೆಗೆಟ್ಟು, ಕತ್ತಲಲ್ಲಿ ಹಾವು ಚೇಳುಗಳ ಭಯದಲ್ಲಿ ಬದುವಿನ ಮೇಲೆ ನಡೆಯುತ್ತಾನೆ. ಶಿಖರವನ್ನು ತಗ್ಗಿಸುವುದಕ್ಕಾಗಿ ಅವನು ತೆರುವ ಈ ಬೆಲೆ ಯಾವ ಲೆಕ್ಕಪುಸ್ತಕದಲ್ಲಿಯೂ ಬರೆದಿರುವುದಿಲ್ಲ.

ಪ್ರತಿವಾದವೂ ಬಲವುಳ್ಳದ್ದೇ. ರಾಜ್ಯದ ವಾರ್ಷಿಕ ಶಿಖರ ಸಾಮಾನ್ಯವಾಗಿ ಬೇಸಗೆಯಲ್ಲಿ ಬರುತ್ತದೆ. ಹೊಲಕ್ಕೆ ನೀರು ಬೇಕಾಗುವುದೂ, ಮನೆ ಕಚೇರಿಗಳಲ್ಲಿ ತಂಪು ಬೇಕಾಗುವುದೂ ಆಗಲೇ. ದಿನದಲ್ಲಿ ಪಂಪು ಶಿಖರವನ್ನು ತಪ್ಪಿಸಿದರೂ ವರ್ಷದಲ್ಲಿ ಶಿಖರದ ತಿಂಗಳನ್ನು ತಪ್ಪಿಸಲಾರದು. ಲಕ್ಷಾಂತರ ಪಂಪುಗಳು ಗೊತ್ತಾದ ಹೊತ್ತಿಗೆ ಒಟ್ಟಿಗೆ ಓಡತೊಡಗಿದರೆ ಅವುಗಳೇ ಒಂದು ಶಿಖರವನ್ನು ನಿರ್ಮಿಸಬಲ್ಲವು; ಹಳ್ಳಿಯ ಪರಿವರ್ತಕವಂತೂ ಅವುಗಳಿಂದಲೇ ತುಂಬಿರುತ್ತದೆ.

ಇವೆರಡರಲ್ಲಿ ಸತ್ಯ ಎಷ್ಟೆಷ್ಟೆಂಬುದನ್ನು ಅಳತೆಯಿಂದ ಮಾತ್ರ ತಿಳಿಯಬಹುದು. ಪಂಪುಗಳಲ್ಲಿ ಬಹುಪಾಲಿಗೆ ಪ್ರತ್ಯೇಕ ಮೀಟರಿಲ್ಲ. ಆದರೆ ನಿರಂತರ ಜ್ಯೋತಿ ಯೋಜನೆಯಲ್ಲಿ ಹಳ್ಳಿಯ ಮನೆಗಳ ಮಾರ್ಗವನ್ನೂ ಪಂಪುಗಳ ಮಾರ್ಗವನ್ನೂ ಬೇರ್ಪಡಿಸಿದ ಮೇಲೆ, ಉಪಕೇಂದ್ರದಲ್ಲಿ ಒಂದು ಮೀಟರನ್ನಿಟ್ಟು ಆ ವರ್ಗದ ಬೇಡಿಕೆ ಯಾವ ಗಂಟೆಯಲ್ಲಿ ಎಷ್ಟೆಂದು ನೋಡುವುದು ಸಾಧ್ಯವಾಗಿದೆ. ವರ್ಗಗಳೊಳಗೆ ವೆಚ್ಚ ಹಂಚಲು ಒಬ್ಬೊಬ್ಬ ರೈತನ ಲೆಕ್ಕ ಬೇಕಿಲ್ಲ. ವರ್ಗದ ಗಂಟೆಗಂಟೆಯ ಲೆಕ್ಕ ಸಾಕು.

೮. ಕಾನೂನು ಮತ್ತು ಸರಾಸರಿ

ಭಾರತದ ೨೦೦೩ರ ವಿದ್ಯುಚ್ಛಕ್ತಿ ಕಾಯಿದೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ದರವನ್ನು ಗೊತ್ತುಪಡಿಸುವ ಆಯೋಗ ಯಾರಿಗೂ ಅನುಚಿತ ಪಕ್ಷಪಾತ ತೋರಕೂಡದು. ಆದರೆ ಹೊರೆಯ ಪ್ರಮಾಣ, ವೋಲ್ಟೇಜು, ಒಟ್ಟು ಬಳಕೆ, ವಿದ್ಯುತ್ತು ಬೇಕಾಗುವ ಹೊತ್ತು, ಸ್ಥಳ, ಉದ್ದೇಶ ಮೊದಲಾದವುಗಳನ್ನು ನೋಡಿ ಭೇದ ಮಾಡಬಹುದು. ದರಗಳು ಕ್ರಮೇಣ ಪೂರೈಕೆಯ ನಿಜವಾದ ವೆಚ್ಚಕ್ಕೆ ಹತ್ತಿರವಾಗಬೇಕು. ೨೦೦೬ರ ರಾಷ್ಟ್ರೀಯ ದರನೀತಿ, ಪ್ರತಿ ವರ್ಗದ ದರ ಪೂರೈಕೆಯ ಸರಾಸರಿ ವೆಚ್ಚಕ್ಕಿಂತ ನೂರಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ಮೇಲಾಗಲಿ ಕೆಳಗಾಗಲಿ ಇರಬಾರದೆಂಬ ಗುರಿಯನ್ನಿಟ್ಟಿತು.

ಇಲ್ಲಿ ‘ಸರಾಸರಿ’ ಎಂಬ ಮಾತನ್ನು ಸ್ವಲ್ಪ ಪರೀಕ್ಷಿಸಬೇಕು. ಒಟ್ಟು ವೆಚ್ಚವನ್ನು ಒಟ್ಟು ಯೂನಿಟ್ಟುಗಳಿಂದ ಭಾಗಿಸಿ, ಎಲ್ಲ ವರ್ಗಗಳನ್ನೂ ಆ ಒಂದು ಅಂಕಿಯೊಡನೆ ಹೋಲಿಸುವುದೆಂದರೇನು? ಸಾಮರ್ಥ್ಯವೆಚ್ಚವನ್ನು ಯೂನಿಟ್ಟುಗಳ ಪ್ರಮಾಣದಲ್ಲಿ ಹಂಚಿದಂತೆಯೇ ಆಯಿತು. ಇದು ನಮ್ಮ ಮೂರನೆಯ ವಿಧಾನ! ಯಾವ ವಿಧಾನವನ್ನೂ ಆರಿಸಿಲ್ಲವೆಂದು ತೋರಿದರೂ ಸದ್ದಿಲ್ಲದೆ ಒಂದನ್ನು ಆರಿಸಿಯಾಗಿದೆ. ಆ ಅಳತೆಗೋಲಿನಲ್ಲಿ ಸಂಜೆ ಏಳರ ಯೂನಿಟ್ಟೂ ನಡುರಾತ್ರಿ ಎರಡರ ಯೂನಿಟ್ಟೂ ಸಮ. ಸರಾಸರಿಗಿಂತ ಕಡಮೆ ತೆರುವ ವರ್ಗಕ್ಕೆ ಇನ್ನೊಬ್ಬರು ಅನ್ನವಿಕ್ಕುತ್ತಿದ್ದಾರೆಂದು ನಾವು ಪತ್ರಿಕೆಗಳಲ್ಲಿ ಓದುವಾಗ, ಬೇರೆ ಅಳತೆಗೋಲಿನಲ್ಲಿ ಆ ಮಾತು ನಿಲ್ಲುವುದೋ ಇಲ್ಲವೋ ಎಂದು ಕೇಳಬೇಕಾದದ್ದು ಆವಶ್ಯಕ.

ಹಾಗಾದರೆ ಪೂರ್ಣ ನ್ಯಾಯವಾದ ವಿಭಾಗವೊಂದು ಇದೆಯೆ? ಅಮೆರಿಕದ ಅರ್ಥಶಾಸ್ತ್ರಜ್ಞ ಜೇಮ್ಸ್ ಬಾನ್‌ಬ್ರೈಟ್ ಅವರು ಸಾರ್ವಜನಿಕ ಸೇವೆಗಳ ದರವನ್ನು ಕುರಿತ ೧೯೬೧ರ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಇಂಥ ವಿಭಾಗಗಳನ್ನು ಸಂಶಯದಿಂದಲೇ ನೋಡಿದ್ದಾರೆ. ಎಲ್ಲರಿಗೂ ಕೂಡಿ ಬಂದ ವೆಚ್ಚವನ್ನು ಒಬ್ಬೊಬ್ಬರದೆಂದು ಒಡೆಯುವುದರಲ್ಲಿ ಸ್ವಲ್ಪ ಸಂಪ್ರದಾಯ ಸೇರಿಯೇ ಸೇರುತ್ತದೆ. ಫ್ರಾನ್ಸಿನ ಮಾರ್ಸೆಲ್ ಬಾತೂ ಅವರು ೧೯೪೯ರಲ್ಲಿ ಪ್ರಶ್ನೆಯನ್ನೇ ತಿರುಗಿಸಿ ಹಾಕಿದರು. ಹಿಂದೆ ಮಾಡಿದ ಖರ್ಚನ್ನು ಹೇಗೆ ಹಂಚುವುದು ಎನ್ನುವುದಕ್ಕಿಂತ, ಮುಂದೆ ಒಂದು ಕಿಲೋವಾಟ್ ಹೆಚ್ಚಾಗಿ ಬೇಕಾದರೆ ಏನು ಖರ್ಚಾಗುತ್ತದೆಂಬುದನ್ನು ಬಳಕೆದಾರನಿಗೆ ದರದ ಮೂಲಕ ತಿಳಿಸುವುದು ಹೇಗೆ ಎಂದು ಕೇಳಬೇಕು. ಶಿಖರಕಾಲದ ದರದಲ್ಲಿ ಸಾಮರ್ಥ್ಯವೆಚ್ಚ ಸೇರಿರಲಿ. ಮಿಕ್ಕ ಹೊತ್ತಿನಲ್ಲಿ ಓಡಿಸುವ ವೆಚ್ಚ ಮಾತ್ರ ಇರಲಿ. ಆ ದರವನ್ನು ನೋಡಿ ಜನ ಹೊತ್ತು ಬದಲಿಸಿ ಶಿಖರವೇ ಜಾರುವಂತಾದರೆ, ಎರಡು ಹೊತ್ತುಗಳೂ ವೆಚ್ಚವನ್ನು ಹಂಚಿಕೊಳ್ಳಲಿ ಎಂಬುದು ಅವರ ಸಿದ್ಧಾಂತ. ಮುಂದೆ ಅವರು ಫ್ರಾನ್ಸಿನ ರಾಷ್ಟ್ರೀಯ ವಿದ್ಯುತ್ ಸಂಸ್ಥೆಯ ಅಧ್ಯಕ್ಷರೂ ಆದರು. ೨೦೨೩ರಲ್ಲಿ ತಿದ್ದುಪಡಿಯಾದ ಭಾರತದ ನಿಯಮಗಳು ಬಿಸಿಲಿನ ಹೊತ್ತಿಗೆ ಸಾಧಾರಣ ದರಕ್ಕಿಂತ ಕಡಮೆ, ಶಿಖರಕಾಲಕ್ಕೆ ಹೆಚ್ಚು ದರವಿರಬೇಕೆಂದು ವಿಧಿಸಿರುವುದು ಇದೇ ದಾರಿಯ ಹೆಜ್ಜೆ. ಕೃಷಿಯನ್ನು ಆ ನಿಯಮದಿಂದ ಹೊರಗಿಟ್ಟಿದ್ದಾರೆ.

೯. ಸಾರಾಂಶ

ಸಾಮರ್ಥ್ಯವೆಚ್ಚ ಹುಟ್ಟುವುದು ಬಳಸಿದ ಮೊತ್ತದಿಂದಲ್ಲ, ಬಹುಮಟ್ಟಿಗೆ ಬಳಸಿದ ಹೊತ್ತಿನಿಂದ; ಆದರೆ ಯಂತ್ರದ ಬಗೆ, ತಂತಿಯ ಹಂತ, ವರ್ಷದ ಋತು ಇವುಗಳನ್ನು ನೋಡದೆ ಒಂದೇ ಗಂಟೆಯ ಸಾಕ್ಷ್ಯದ ಮೇಲೆ ತೀರ್ಪು ಕೊಡಲಾಗದು. ಯಾವ ವಿಧಾನವನ್ನು ಆರಿಸಿದರೂ ಅದರ ಹಿಂದೆ ‘ಕಾರಣ ಯಾರು?’ ಎಂಬುದಕ್ಕೆ ಒಂದು ಉತ್ತರ ಅಡಗಿರುತ್ತದೆ. ಆ ಉತ್ತರವನ್ನು ಬಹಿರಂಗವಾಗಿ ಹೇಳಿ, ಅದಕ್ಕೆ ಬೇಕಾದ ಅಳತೆಗಳನ್ನು ಜನರ ಮುಂದಿಡುವುದು ದರ ನಿರ್ಣಯಿಸುವವರ ಕರ್ತವ್ಯ. ೧೯೯೯ರಲ್ಲಿ ಸ್ಥಾಪಿತವಾದ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ದರ ಪರಿಷ್ಕರಣಕ್ಕೆ ಮುಂಚೆ ಸಾರ್ವಜನಿಕರ ಅಹವಾಲುಗಳನ್ನು ಕೇಳುತ್ತದೆ. ಈ ಪ್ರಶ್ನೆಗಳನ್ನು ಅಲ್ಲಿ ಯಾವ ನಾಗರಿಕನೂ ಎತ್ತಬಹುದು.

ಇನ್ನು ನಮ್ಮ ಬಿಲ್ಲಿನ ನಿಗದಿತ ಶುಲ್ಕಕ್ಕೆ ಬರೋಣ. ಮನೆಗೆ ಮಂಜೂರಾದ ಹೊರೆ ಎಷ್ಟು ಕಿಲೋವಾಟೋ ಅದರ ಮೇಲೆ ಅದನ್ನು ಎಣಿಸುತ್ತಾರೆ. ಹಾಪ್‌ಕಿನ್ಸನ್ನರ ತತ್ತ್ವ ಅದರಲ್ಲಿದೆ. ಹೊತ್ತಿನ ವಿಚಾರ ಅದರಲ್ಲಿಲ್ಲ. ಮೂರು ಕಿಲೋವಾಟ್ ಮಂಜೂರಾದ ಎರಡು ಮನೆಗಳಲ್ಲಿ ಒಬ್ಬರು ಸಂಜೆ ಏಳಕ್ಕೆ ನೀರು ಕಾಯಿಸುವ ಯಂತ್ರವನ್ನೂ ಇಸ್ತ್ರಿಪೆಟ್ಟಿಗೆಯನ್ನೂ ಒಟ್ಟಿಗೆ ಹಾಕಬಹುದು, ಇನ್ನೊಬ್ಬರು ಅವನ್ನೇ ನಡುಹಗಲಿನಲ್ಲಿ ಒಂದಾದ ಮೇಲೊಂದರಂತೆ ಹಾಕಬಹುದು. ಶುಲ್ಕ ಇಬ್ಬರಿಗೂ ಒಂದೇ. ಗಂಟೆಗಂಟೆಯ ಬಳಕೆಯನ್ನು ಬರೆದಿಡುವ ಮೀಟರುಗಳು ಮನೆಮನೆಗೂ ಬಂದ ಮೇಲೆ ಈ ಭೇದವನ್ನು ಗುರುತಿಸುವುದು ಸಾಧ್ಯವಾಗುತ್ತದೆ. ಅಲ್ಲಿಯವರೆಗೆ, ಮುಂದಿನ ತಿಂಗಳ ಬಿಲ್ಲು ಬಂದಾಗ ಮಂಜೂರಾದ ಹೊರೆಯ ಅಂಕಿಯನ್ನು ಹುಡುಕಿ, ಮನೆಯ ಉಪಕರಣಗಳಲ್ಲಿ ಯಾವುವು ಒಟ್ಟಿಗೆ ಓಡುತ್ತವೆ, ಯಾವ ಹೊತ್ತಿನಲ್ಲಿ ಓಡುತ್ತವೆ ಎಂದು ಒಂದು ಕಾಗದದ ಮೇಲೆ ಬರೆದು ನೋಡಿದರೆ, ರಾಜ್ಯದ ಸಂಜೆಯ ಶಿಖರದಲ್ಲಿ ತಮ್ಮ ಮನೆಯ ಪಾಲು ಎಷ್ಟೆಂಬುದು ವಾಚಕರಿಗೆ ಸ್ಥೂಲವಾಗಿ ಗೊತ್ತಾಗುತ್ತದೆ.